‘ಆ ಲೆಕ್ಕ ನಮ್ಮ ಬಳಿ ಇಲ್ಲ’ ಅಂದರೆ? ಸ್ಕಾಟ್ಲೆಂಡ್ ಸರ್ಕಾರದಿಂದ ಉತ್ತರ ಪಡೆಯುವ ಬಗೆ

ಸ್ಕಾಟ್ಲೆಂಡಿನ ಈಶಾನ್ಯ ತುದಿಯಲ್ಲಿ ವಿಕ್ ಎಂಬ ಸಣ್ಣ ಊರಿದೆ. ಅಲ್ಲಿ ಕೇತ್‌ನೆಸ್ ಜನರಲ್ ಆಸ್ಪತ್ರೆ ಇದೆ, ಹೆರಿಗೆ ವಿಭಾಗವೂ ಇದೆ. ಆದರೆ 2016ರ ಕೊನೆಗೆ ಆ ವಿಭಾಗವನ್ನು ತಜ್ಞ ವೈದ್ಯರಿಲ್ಲದೆ ಸೂಲಗಿತ್ತಿಯರೇ ನಡೆಸುವ ಘಟಕವಾಗಿ ಇಳಿಸಲಾಯಿತು. ಅಂದಿನಿಂದ ಕೇತ್‌ನೆಸ್ ಎಂಬ ಆ ಸೀಮೆಯ ಬಹುಪಾಲು ಬಸುರಿಯರು ಹೆರಿಗೆಗೆ ಇನ್ವರ್ನೆಸ್‌ನ ರೇಗ್‌ಮೋರ್ ಆಸ್ಪತ್ರೆಗೆ ಹೋಗಬೇಕು. ದೂರ ಸುಮಾರು 160 ಕಿಲೋಮೀಟರ್. ಬೆಂಗಳೂರಿನಿಂದ ಮೈಸೂರಿಗೆ ಹೋಗುವುದಕ್ಕಿಂತ ಹೆಚ್ಚು, ಅದೂ ಹಿಮ ಬೀಳುವ ರಸ್ತೆಯಲ್ಲಿ.

ಈಗ ಆ ಊರಿನವರೊಬ್ಬರು ಸರ್ಕಾರವನ್ನು ಕೇಳುತ್ತಾರೆ ಅಂದುಕೊಳ್ಳಿ: ‘ಹೀಗೆ ಎಷ್ಟು ಮಂದಿ ಹೋದರು? ಅವರ ಪ್ರಯಾಣಕ್ಕೆ ಎಷ್ಟು ಖರ್ಚಾಯಿತು? ಇಲ್ಲೇ ವೈದ್ಯರನ್ನು ಇಟ್ಟಿದ್ದರೆ ಎಷ್ಟಾಗುತ್ತಿತ್ತು?’ ನ್ಯಾಯವಾದ ಪ್ರಶ್ನೆಯೇ. ಆದರೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊದ ಸಚಿವರ ಕಚೇರಿಯಿಂದ ಬರಬಹುದಾದ ಉತ್ತರವನ್ನು ಈಗಲೇ ಬರೆದಿಡಬಹುದು: ‘ಈ ಮಾಹಿತಿಯನ್ನು ಕೇಂದ್ರೀಯವಾಗಿ ಇಟ್ಟುಕೊಂಡಿಲ್ಲ.’

ಸ್ಕಾಟಿಷ್ ಸಂಸತ್ತಿನ ಪ್ರಶ್ನೋತ್ತರಗಳನ್ನು ತಿರುವಿ ಹಾಕಿದವರಿಗೆಲ್ಲ ಈ ವಾಕ್ಯ ಬಾಯಿಪಾಠ. ಓದಲಿಕ್ಕೋ ಆಸ್ಪತ್ರೆ ಕೆಲಸಕ್ಕೋ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಲೆಕ್ಕದ ಪುಸ್ತಕ ಯಾರ ಕಪಾಟಿನಲ್ಲಿದೆ ಎಂದು ಮೊದಲೇ ಗೊತ್ತುಮಾಡಿಕೊಂಡು ಕೇಳಿದವರಿಗೆ ಮಾತ್ರ ಅಲ್ಲಿ ಉತ್ತರ ಸಿಗುತ್ತದೆ.

ಹಂತ 1: ಯಾರ ಮನೆಯ ಬಾಗಿಲು?

ನಮ್ಮ ರಾಜ್ಯಗಳಿಗೆ ಅಧಿಕಾರ ಬಂದದ್ದು ಸಂವಿಧಾನದಿಂದ. ಸ್ಕಾಟ್ಲೆಂಡಿಗೆ ಬಂದದ್ದು ಲಂಡನ್ ಸಂಸತ್ತು ಮಾಡಿದ 1998ರ ಕಾಯ್ದೆಯಿಂದ. 1997ರ ಸೆಪ್ಟೆಂಬರ್ 11ರಂದು ಜನಮತಗಣನೆ ನಡೆಯಿತು, 1999ರಲ್ಲಿ ಹೊಸ ಸಂಸತ್ತು ಕೂತಿತು. ಕಾಯ್ದೆಯ ಐದನೇ ಅನುಸೂಚಿಯಲ್ಲಿ ಲಂಡನ್ ತನ್ನಲ್ಲೇ ಉಳಿಸಿಕೊಂಡ ವಿಷಯಗಳ ಪಟ್ಟಿ ಇದೆ: ರಕ್ಷಣೆ, ವಿದೇಶಾಂಗ, ವಲಸೆ, ನಾಣ್ಯ ಇತ್ಯಾದಿ. ಆ ಪಟ್ಟಿಯಲ್ಲಿ ಇಲ್ಲದ್ದೆಲ್ಲ ಎಡಿನ್‌ಬರೊದ್ದು. ಹಾಗಾಗಿ ಗ್ಲಾಸ್ಗೊದಲ್ಲಿ ಓದುವ ಹುಬ್ಬಳ್ಳಿಯ ಹುಡುಗನ ವೀಸಾ ತಕರಾರಿಗೆ ಅಲ್ಲಿನ ಸಚಿವರನ್ನು ಕೇಳಿ ಪ್ರಯೋಜನವಿಲ್ಲ. ಅದೇ ಹುಡುಗ ಆಸ್ಪತ್ರೆಯಲ್ಲಿ ಕಾಯುವ ಸರದಿಯ ಬಗ್ಗೆ ಕೇಳಿದರೆ ಅದು ಸ್ಕಾಟ್ಲೆಂಡಿನದೇ ವಿಷಯ.

ಇಷ್ಟಕ್ಕೇ ನಿಲ್ಲಬೇಡಿ. ಎಡಿನ್‌ಬರೊದ ಒಳಗೂ ಬಾಗಿಲುಗಳು ಬಹಳ. ಶಾಲೆ, ಕಸ, ಊರಿನ ಒಳರಸ್ತೆ ಇವು 32 ಸ್ಥಳೀಯ ಕೌನ್ಸಿಲ್‌ಗಳ ಲೆಕ್ಕ. ಆಸ್ಪತ್ರೆಗಳದ್ದು 14 ಪ್ರಾದೇಶಿಕ ಆರೋಗ್ಯ ಮಂಡಳಿಗಳ ಲೆಕ್ಕ. ದೊಡ್ಡ ಹೆದ್ದಾರಿಗಳನ್ನು ನೋಡಿಕೊಳ್ಳುವ ಟ್ರಾನ್ಸ್‌ಪೋರ್ಟ್ ಸ್ಕಾಟ್ಲೆಂಡ್ ಮಾತ್ರ ಸಚಿವರ ಕೈಕೆಳಗಿನ ಸಂಸ್ಥೆ. ಆದ್ದರಿಂದ ಹೆದ್ದಾರಿಯ ಪ್ರಶ್ನೆಗೆ ‘ನಮ್ಮಲ್ಲಿಲ್ಲ’ ಎನ್ನಲು ಸಚಿವರಿಗೆ ದಾರಿಯಿಲ್ಲ, ಹೆರಿಗೆಯ ಪ್ರಶ್ನೆಗೆ ಇದೆ. ವಿಕ್‌ನ ಲೆಕ್ಕ ಇರುವುದು ಆ ಸೀಮೆಯ ಆರೋಗ್ಯ ಮಂಡಳಿಯಾದ ಎನ್‌ಎಚ್‌ಎಸ್ ಹೈಲ್ಯಾಂಡ್‌ನಲ್ಲಿ.

ಹಂತ 2: ಈಗಾಗಲೇ ಪ್ರಕಟವಾಗಿದೆಯೇ ನೋಡಿ

ಸರ್ಕಾರ ತಾನು ಕೊಟ್ಟ ಮಾಹಿತಿ ಹಕ್ಕಿನ ಉತ್ತರಗಳನ್ನು ತನ್ನ ಜಾಲತಾಣದಲ್ಲೇ ಹಾಕುತ್ತದೆ. ಸಂಸತ್ತಿನ ಲಿಖಿತ ಪ್ರಶ್ನೋತ್ತರಗಳೂ ಹುಡುಕಲು ಸಿಗುತ್ತವೆ. ನಿಮ್ಮ ಪ್ರಶ್ನೆಯನ್ನು ಯಾರೋ ಕೇಳಿ ಮುಗಿಸಿರುವ ಸಾಧ್ಯತೆ ಹೆಚ್ಚು. ಅರ್ಧ ಗಂಟೆ ಇದಕ್ಕೆ ಕೊಡಿ.

ಇಲ್ಲೊಂದು ಎಚ್ಚರಿಕೆ. ಹುಡುಕುವಾಗ ‘ಗರ್ಸ್’ ಎಂಬ ವಾರ್ಷಿಕ ವರದಿ ಸಿಗುತ್ತದೆ. 1992ರಿಂದ ಬರುತ್ತಿರುವ, ಸ್ಕಾಟ್ಲೆಂಡಿನ ಆದಾಯ-ವೆಚ್ಚದ ಅಂದಾಜು ಅದು. ಆಗಸ್ಟ್‌ನಲ್ಲಿ ಅದು ಹೊರಬಿದ್ದ ದಿನ ಬ್ರಿಟನ್ನಿನಿಂದ ಬೇರೆಯಾಗಬೇಕೆನ್ನುವ ಸ್ವಾತಂತ್ರ್ಯವಾದಿಗಳಿಗೂ ಜೊತೆಗಿರಬೇಕೆನ್ನುವ ಒಕ್ಕೂಟವಾದಿಗಳಿಗೂ ಜಗಳದ ಹಬ್ಬ. ಆದರೆ ಅದರಲ್ಲಿ ರಕ್ಷಣಾ ವೆಚ್ಚದಂಥ ಲಂಡನ್ ಖರ್ಚಿನಲ್ಲೂ ಸ್ಕಾಟ್ಲೆಂಡಿನ ಪಾಲನ್ನು ಜನಸಂಖ್ಯೆಯ ಪ್ರಕಾರ ಹಾಕಿರುತ್ತಾರೆ. ‘ಸ್ಕಾಟ್ಲೆಂಡಿನ ನೆಲದಲ್ಲಿ ಆದ ಖರ್ಚು’ ಬೇರೆ, ‘ಸ್ಕಾಟ್ಲೆಂಡಿನ ಪರವಾಗಿ ಆದ ಖರ್ಚು’ ಬೇರೆ. ನಿಮ್ಮ ಜಿಲ್ಲೆಗೆ ಎಷ್ಟು ಬಂತು ಎಂಬುದಕ್ಕೆ ಗರ್ಸ್ ಉತ್ತರ ಹೇಳುವುದಿಲ್ಲ.

ಇನ್ನೊಂದು ಗೊಂದಲ ಲಂಡನ್‌ನಿಂದ ಬರುವ ಹಣದ್ದು. 1970ರ ದಶಕದ ಕೊನೆಗೆ ಖಜಾನೆ ಸಚಿವರಾಗಿದ್ದ ಜೋಯೆಲ್ ಬಾರ್ನೆಟ್ ಅವರ ಹೆಸರಿನ ಸೂತ್ರವೊಂದಿದೆ. ಇಂಗ್ಲೆಂಡಿನಲ್ಲಿ ಆರೋಗ್ಯಕ್ಕೆ 100 ಪೌಂಡ್ ಹೆಚ್ಚಿಸಿದರೆ ಸ್ಕಾಟ್ಲೆಂಡಿಗೆ ಜನಸಂಖ್ಯೆಯ ಅನುಪಾತದಲ್ಲಿ 10 ಪೌಂಡ್‌ಗೆ ತುಸು ಕಡಿಮೆ ಬರುತ್ತದೆ. ಆದರೆ ಬಂದದ್ದನ್ನು ಆರೋಗ್ಯಕ್ಕೇ ಖರ್ಚು ಮಾಡಬೇಕೆಂದಿಲ್ಲ. ‘ಲಂಡನ್ ಆಸ್ಪತ್ರೆಗೆಂದು ಕೊಟ್ಟ ಹಣ ಎಲ್ಲಿ ಹೋಯಿತು?’ ಎಂಬ ಪ್ರಶ್ನೆ ಪತ್ರಿಕೆಯ ತಲೆಬರಹಕ್ಕೆ ಚೆನ್ನ, ಉತ್ತರ ಪಡೆಯಲು ಅಲ್ಲ. ಆ ಹಣಕ್ಕೆ ಚೀಟಿ ಅಂಟಿಸಿ ಯಾರೂ ಕಳಿಸಿರುವುದಿಲ್ಲ. ಮೇಲಾಗಿ 2017ರ ಏಪ್ರಿಲ್‌ನಿಂದ ಸಂಬಳದ ಮೇಲಿನ ಆದಾಯ ತೆರಿಗೆಯ ದರಗಳನ್ನು ಎಡಿನ್‌ಬರೊ ತಾನೇ ನಿರ್ಧರಿಸುತ್ತದೆ. ಈಗ ಶೇಕಡಾ 19ರಿಂದ 48ರವರೆಗೆ ಆರು ದರಗಳಿವೆ. ಎಲ್ಲ ಒಂದೇ ಹಂಡೆಗೆ ಬೀಳುವ ನೀರು.

ಹಂತ 3: ಪ್ರಶ್ನೆ ಬರೆಯುವುದು

ಕೆಲಸವೆಲ್ಲ ಇಲ್ಲೇ ಇರುವುದು. ‘ಹೈಲ್ಯಾಂಡ್ ಪ್ರದೇಶವನ್ನು ಸರ್ಕಾರ ಕಡೆಗಣಿಸಿರುವುದೇಕೆ?’ ಎಂದು ಕೇಳಿದರೆ, ‘ಹೈಲ್ಯಾಂಡ್‌ನ ಏಳಿಗೆಗೆ ಸರ್ಕಾರ ಬದ್ಧವಾಗಿದೆ’ ಎಂಬ ಉತ್ತರ ಬರುತ್ತದೆ. ಕೇಳಿದ್ದಕ್ಕೆ ತಕ್ಕ ಉತ್ತರವೇ ಅದು, ಬೈದು ಫಲವಿಲ್ಲ.

ಪರ್ತ್‌ನಿಂದ ಇನ್ವರ್ನೆಸ್‌ಗೆ ಹೋಗುವ ಎ9 ಹೆದ್ದಾರಿಯನ್ನೇ ನೋಡಿ. ಪೂರ್ತಿ ಚತುಷ್ಪಥ ಮಾಡುವುದಾಗಿ, 2025ಕ್ಕೆ ಮುಗಿಸುವುದಾಗಿ 2011ರಲ್ಲಿ ಮಾತು ಕೊಟ್ಟಿದ್ದರು. 2023ರ ಫೆಬ್ರುವರಿಯಲ್ಲಿ ಅದು ಆಗದು ಎಂದು ಒಪ್ಪಿಕೊಂಡರು. ಅಗಲಿಸಬೇಕಿದ್ದ 80 ಮೈಲಿಯಲ್ಲಿ ಆಗ ಮುಗಿದಿದ್ದದ್ದು 11 ಮೈಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ 2035 ಎಂಬ ಹೊಸ ಗಡುವು ಬಂತು. ‘ಯಾಕೆ ತಡ?’ ಎಂದರೆ ಕೊರೊನಾ, ಬೆಲೆಯೇರಿಕೆ, ಟೆಂಡರ್ ಎಂದು ಒಂದು ಪುಟ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘2011–12ರಿಂದ ಪ್ರತಿ ಹಣಕಾಸು ವರ್ಷದಲ್ಲಿ ಪರ್ತ್–ಇನ್ವರ್ನೆಸ್ ಎ9 ಚತುಷ್ಪಥ ಯೋಜನೆಗೆ ಆದ ವಾಸ್ತವ ಖರ್ಚು ಎಷ್ಟು? ವಿನ್ಯಾಸ, ಭೂಸ್ವಾಧೀನ, ನಿರ್ಮಾಣ ಎಂದು ವಿಂಗಡಿಸಿ ಕೊಡಿ.’ ಇದಕ್ಕೆ ‘ಬದ್ಧವಾಗಿದ್ದೇವೆ’ ಎಂದು ಉತ್ತರ ಬರೆಯಲು ಆಗುವುದಿಲ್ಲ.

ವರ್ಷ ಹೇಳಿ, ಜಾಗ ಹೇಳಿ, ‘ವಾಸ್ತವ ಖರ್ಚು’ ಎಂದೇ ಬರೆಯಿರಿ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಖರ್ಚು ಎಂಬ ಮೂರು ಕಂಬಸಾಲುಗಳು ನಮ್ಮ ವಿಧಾನಸೌಧದ ಬಜೆಟ್ ಪುಸ್ತಕ ನೋಡಿದವರಿಗೆ ಹೊಸತಲ್ಲ. ಅಲ್ಲೂ ಹಾಗೆಯೇ. ಶರತ್ಕಾಲದಲ್ಲೊಮ್ಮೆ, ವಸಂತದಲ್ಲೊಮ್ಮೆ ಬಜೆಟ್ ಪರಿಷ್ಕರಣೆ ಆಗುತ್ತದೆ, ವರ್ಷದ ನಡುವೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ. ಯಾವ ಕಂಬಸಾಲು ಬೇಕೆಂದು ಹೇಳದಿದ್ದರೆ ಚೆಂದ ಕಾಣುವ ಕಂಬಸಾಲೇ ಬರುತ್ತದೆ.

ಹಂತ 4: ಎಂಎಸ್‌ಪಿ ಮೂಲಕ ಕೇಳಿಸುವುದು

ನಮ್ಮಲ್ಲಿ ಎಂಎಸ್‌ಪಿ ಅಂದರೆ ರೈತರ ಬೆಂಬಲ ಬೆಲೆ. ಅಲ್ಲಿ ಶಾಸಕರು! ಒಟ್ಟು 129 ಮಂದಿ. ಅವರಲ್ಲಿ 73 ಮಂದಿ ಕ್ಷೇತ್ರದವರು, 56 ಮಂದಿ ಎಂಟು ಪ್ರದೇಶಗಳವರು. ಲೆಕ್ಕ ಹಾಕಿದರೆ ಪ್ರತಿ ನಿವಾಸಿಗೂ ಒಬ್ಬ ಕ್ಷೇತ್ರ ಶಾಸಕ ಮತ್ತು ಏಳು ಪ್ರಾದೇಶಿಕ ಶಾಸಕರು, ಅಂದರೆ ಎಂಟು ಜನ. ಆಳುವ ಪಕ್ಷದವರು ಮುಖ ಸಿಂಡರಿಸಿದರೆ ವಿರೋಧ ಪಕ್ಷದವರು ಸಂತೋಷದಿಂದ ಕೇಳುತ್ತಾರೆ. ಕಾಯಂ ನಿವಾಸಿ ಆಗಿರಬೇಕೆಂದೇನಿಲ್ಲ, ಅಲ್ಲಿ ವಾಸವಿರುವ ವಿದ್ಯಾರ್ಥಿಯೂ ತನ್ನ ಶಾಸಕರಿಗೆ ಬರೆಯಬಹುದು. ಕಾನೂನುಬದ್ಧವಾಗಿ ವಾಸವಿರುವ ಭಾರತೀಯರಿಗೆ, ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಮತವೂ ಇದೆ. 16 ವರ್ಷ ತುಂಬಿದರೆ ಸಾಕು.

ಗುರುವಾರ ಮಧ್ಯಾಹ್ನ 12ಕ್ಕೆ ನಡೆಯುವ ಪ್ರಥಮ ಸಚಿವರ (ನಮ್ಮ ಮುಖ್ಯಮಂತ್ರಿಯಂಥವರು) ಪ್ರಶ್ನೋತ್ತರ ಟಿವಿಗೆ ಚೆನ್ನಾಗಿರುತ್ತದೆ. ಅಂಕಿಅಂಶ ಬೇಕಿದ್ದರೆ ಅದನ್ನು ಮರೆತುಬಿಡಿ. ನಿಮಗೆ ಬೇಕಾದದ್ದು ಲಿಖಿತ ಪ್ರಶ್ನೆ, ನಮ್ಮ ಸದನದ ಭಾಷೆಯಲ್ಲಿ ‘ಚುಕ್ಕೆ ಗುರುತಿಲ್ಲದ ಪ್ರಶ್ನೆ’. ಪ್ರಶ್ನೆ ಚಿಕ್ಕದಾಗಿದೆಯೇ, ವಾದ ಹೂಡುತ್ತಿಲ್ಲವೇ, ಸಚಿವರ ಹೊಣೆಯೊಳಗೆ ಬರುತ್ತದೆಯೇ ಎಂದು ಸಂಸತ್ತಿನ ಸಿಬ್ಬಂದಿ ನೋಡಿ ಅಂಗೀಕರಿಸುತ್ತಾರೆ. ಅದಕ್ಕೊಂದು ಸಂಖ್ಯೆ ಬೀಳುತ್ತದೆ. 2021ರಲ್ಲಿ ಆಯ್ಕೆಯಾದ ಆರನೇ ಸಂಸತ್ತಿನವು ‘ಎಸ್6ಡಬ್ಲ್ಯು’ ಎಂದು ಶುರುವಾಗುತ್ತವೆ. ಸಾಮಾನ್ಯವಾಗಿ 10 ಕೆಲಸದ ದಿನಗಳಲ್ಲಿ, ದೀರ್ಘ ವಿರಾಮವಿದ್ದಾಗ 20 ದಿನಗಳಲ್ಲಿ ಉತ್ತರ. ಆಗದಿದ್ದರೆ ‘ಸದ್ಯಕ್ಕೆ ತಡೆಯಿರಿ’ ಎಂಬರ್ಥದ ತಾತ್ಕಾಲಿಕ ಉತ್ತರ ಬರುತ್ತದೆ.

ಶಾಸಕರಿಗೆ ಪತ್ರ ಬರೆಯುವಾಗ ಗೋಳಿನ ಕತೆ ಒಂದು ಪ್ಯಾರಾ ಸಾಕು. ಕೆಳಗೆ ಪ್ರಶ್ನೆಯನ್ನು ಸಿದ್ಧವಾಗಿ ಬರೆದುಕೊಡಿ. ಅವರ ಸಹಾಯಕರಿಗೆ ಕೆಲಸ ಕಡಿಮೆಯಾದಷ್ಟೂ ನಿಮ್ಮ ಪ್ರಶ್ನೆ ಬೇಗ ಒಳಗೆ ಹೋಗುತ್ತದೆ.

ಹಂತ 5: ಮಾಹಿತಿ ಹಕ್ಕು

ಸಚಿವರು ‘ನಮ್ಮಲ್ಲಿಲ್ಲ’ ಅಂದರೆ, ಇರುವವರನ್ನೇ ಕೇಳಬೇಕು. ಸ್ಕಾಟ್ಲೆಂಡಿಗೆ ತನ್ನದೇ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಇದೆ. 2002ರದ್ದು, 2005ರ ಜನವರಿ 1ರಿಂದ ಜಾರಿಯಲ್ಲಿದೆ. ಸರ್ಕಾರ, ಕೌನ್ಸಿಲ್, ಆರೋಗ್ಯ ಮಂಡಳಿ ಎಲ್ಲಕ್ಕೂ ಅನ್ವಯ. ಇಮೇಲ್ ಸಾಕು. ನಿಜವಾದ ಹೆಸರು, ಉತ್ತರ ಕಳಿಸಲೊಂದು ವಿಳಾಸ ಇರಬೇಕು, ಕಾರಣ ಹೇಳಬೇಕಿಲ್ಲ. ನಮ್ಮ ಆರ್‌ಟಿಐ ಭಾರತದ ನಾಗರಿಕರಿಗೆ ಮಾತ್ರ, ಅವರದ್ದು ಯಾರಿಗಾದರೂ. ದಾವಣಗೆರೆಯಲ್ಲಿ ಕೂತು ಹೈಲ್ಯಾಂಡ್ ಮಂಡಳಿಯನ್ನು ಕೇಳಬಹುದು. ಉತ್ತರಕ್ಕೆ 20 ಕೆಲಸದ ದಿನ.

ಕರ್ನಾಟಕದ ನಿಯಮದಲ್ಲಿ ಆರ್‌ಟಿಐ ಅರ್ಜಿ 150 ಪದ ಮೀರಬಾರದು. ಅಲ್ಲಿ ಪದಕ್ಕೆ ಮಿತಿಯಿಲ್ಲ, ಅಧಿಕಾರಿಯ ಗಂಟೆಗಳಿಗೆ ಮಿತಿ. ಹುಡುಕುವ ವೆಚ್ಚ 600 ಪೌಂಡ್ ದಾಟಿದರೆ ಅರ್ಜಿ ತಿರಸ್ಕರಿಸಬಹುದು. ಸಿಬ್ಬಂದಿಯ ಗಂಟೆಗೆ ಗರಿಷ್ಠ 15 ಪೌಂಡ್ ಲೆಕ್ಕ ಹಾಕುವುದರಿಂದ ಕನಿಷ್ಠ 40 ಗಂಟೆ ಕೆಲಸ ಸಿಗುತ್ತದೆ. ಮೊದಲ 100 ಪೌಂಡ್‌ವರೆಗೆ ನಿಮ್ಮಿಂದ ಏನೂ ಕೇಳುವಂತಿಲ್ಲ. ವಿಕ್‌ನ ಪ್ರಶ್ನೆಗೆ ‘ಎಲ್ಲ ರೋಗಿಗಳ ಕಡತ’ ಕೇಳಿದರೆ ಈ ಗೋಡೆಗೆ ಹಾಯುತ್ತೀರಿ. ‘ವರ್ಷವಾರು ಕೇತ್‌ನೆಸ್ ವಿಳಾಸದ ತಾಯಂದಿರ ಹೆರಿಗೆಗಳು ರೇಗ್‌ಮೋರ್‌ನಲ್ಲಿ ಎಷ್ಟು, ಪ್ರಯಾಣ ಭತ್ಯೆಯಾಗಿ ಮರುಪಾವತಿಸಿದ ಒಟ್ಟು ಮೊತ್ತ ಎಷ್ಟು’ ಎಂದರೆ ದಾಟುತ್ತೀರಿ.

ಒಂದು ಮುಖ್ಯ ವ್ಯತ್ಯಾಸ. ತಪ್ಪು ಕಚೇರಿಗೆ ಅರ್ಜಿ ಹಾಕಿದರೆ ನಮ್ಮ ಆರ್‌ಟಿಐನಲ್ಲಿ ಐದು ದಿನದೊಳಗೆ ಅವರೇ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ಸ್ಕಾಟ್ಲೆಂಡಿನಲ್ಲಿ ‘ನಮ್ಮಲ್ಲಿಲ್ಲ’ ಎಂದು ತಿಳಿಸಿ, ಬೇರೆಯವರ ವಿಳಾಸ ಹೇಳಿದರೆ ಮುಗಿಯಿತು. ನಿಮ್ಮ 20 ದಿನ ನೀರಿನಲ್ಲಿ ಹೋಮ. ಮೊದಲ ಹಂತಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಹಂತ 6: ಬಂದ ಉತ್ತರ ಓದುವುದು

‘ದಾಖಲೆ ಮೊತ್ತದ ಅನುದಾನ’ ಎಂಬ ಮಾತು ಕಂಡರೆ ಬೆಲೆಯೇರಿಕೆ ಕಳೆದಿದ್ದಾರೆಯೇ ನೋಡಿ. 2025–26ರಲ್ಲಿ ಆರೋಗ್ಯ ಮತ್ತು ಸಾಮಾಜಿಕ ಆರೈಕೆಗೆ ಇಟ್ಟದ್ದು 2,100 ಕೋಟಿ ಪೌಂಡ್‌ಗೂ ಹೆಚ್ಚು. ದಾಖಲೆಯೇ ಸರಿ. ಹಾಗೆ ನೋಡಿದರೆ ದರ್ಶಿನಿಯ ಮಸಾಲೆ ದೋಸೆಯೂ ಪ್ರತಿ ವರ್ಷ ದಾಖಲೆ ಬರೆಯುತ್ತದೆ.

‘ಸೂತ್ರದ ಪ್ರಕಾರ ಹಂಚಲಾಗಿದೆ’ ಎಂದರೆ ಸೂತ್ರ ಕೇಳಿ. ಆರೋಗ್ಯ ಮಂಡಳಿಗಳಿಗೆ ಹಣ ಹಂಚುವಾಗ ಜನಸಂಖ್ಯೆ, ವಯಸ್ಸು, ಕಾಯಿಲೆಯ ಹೊರೆ, ಊರುಗಳ ದೂರ ಇವನ್ನೆಲ್ಲ ಸೇರಿಸಿದ ‘ಎನ್‌ಆರ್‌ಎಸಿ’ ಸೂತ್ರವಿದೆ. ತಲಾ ಲೆಕ್ಕ ನೋಡಿ ‘ಅವರಿಗೆ ಹೆಚ್ಚು, ನಮಗೆ ಕಡಿಮೆ’ ಎನ್ನುವ ಮುನ್ನ ಇದನ್ನು ಗಮನಿಸದಿದ್ದರೆ ಮಂತ್ರಿಗಳ ಮುಂದೆ ನೀವೇ ಪೆಚ್ಚಾಗುತ್ತೀರಿ.

ಇನ್ನು, ಬರೆದಿಡದ ನಿರ್ಧಾರದ ಮುಂದೆ ಯಾವ ಕಾಯ್ದೆಯೂ ಕೈಕಟ್ಟಿ ನಿಲ್ಲುತ್ತದೆ. 2015ರಲ್ಲಿ ದ್ವೀಪಗಳಿಗೆ ಓಡಾಡುವ ಎರಡು ಹಡಗುಗಳಿಗೆ ಪೋರ್ಟ್ ಗ್ಲಾಸ್ಗೊದ ಫರ್ಗ್ಯುಸನ್ ಹಡಗುಕಟ್ಟೆಗೆ 9.7 ಕೋಟಿ ಪೌಂಡ್‌ನ ಗುತ್ತಿಗೆ ಹೋಯಿತು. ಮೊದಲ ಹಡಗು ಗ್ಲೆನ್ ಸ್ಯಾನಕ್ಸ್ 2017ರ ನವೆಂಬರ್‌ನಲ್ಲಿ, ಕಿಟಕಿಗಳ ಜಾಗಕ್ಕೆ ಬಣ್ಣ ಬಳಿದುಕೊಂಡು, ನೀರಿಗಿಳಿಯಿತು. ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ. ಹಣ ವಾಪಸಿನ ಪೂರ್ಣ ಖಾತರಿ ಇಲ್ಲದೆಯೂ ಸಚಿವರು ಗುತ್ತಿಗೆಗೆ ಒಪ್ಪಿದ್ದೇಕೆ ಎಂಬುದಕ್ಕೆ ಸಾಕಷ್ಟು ದಾಖಲೆ ಇಲ್ಲ ಎಂದು 2022ರ ಮಾರ್ಚ್‌ನಲ್ಲಿ ಮಹಾಲೆಕ್ಕಪರಿಶೋಧಕರೇ ಹೇಳಬೇಕಾಯಿತು. ಖರ್ಚಿನ ಪ್ರಶ್ನೆಯ ಜೊತೆಗೆ ‘ಈ ನಿರ್ಧಾರದ ಸಭಾ ನಡಾವಳಿ, ಇಮೇಲ್‌ಗಳು’ ಎಂದೂ ಕೇಳಿ. ಇಲ್ಲ ಎಂಬ ಉತ್ತರವೂ ಅಲ್ಲಿ ಒಂದು ಉತ್ತರವೇ.

ಹಂತ 7: ಒಪ್ಪದಿದ್ದರೆ

ಮಾಹಿತಿ ಹಕ್ಕಿನ ಉತ್ತರ ಸರಿಯೆನಿಸದಿದ್ದರೆ 40 ಕೆಲಸದ ದಿನಗಳೊಳಗೆ ಅದೇ ಸಂಸ್ಥೆಗೆ ‘ಮರುಪರಿಶೀಲಿಸಿ’ ಎಂದು ಬರೆಯಿರಿ. ಅವರಿಗೆ ಮತ್ತೆ 20 ದಿನ. ಅದೂ ಸರಿಯಾಗದಿದ್ದರೆ ಆರು ತಿಂಗಳೊಳಗೆ ಸ್ಕಾಟಿಷ್ ಮಾಹಿತಿ ಆಯುಕ್ತರಿಗೆ ಮೇಲ್ಮನವಿ. ಅವರ ಕಚೇರಿ ಗಾಲ್ಫ್‌ಗೆ ಹೆಸರಾದ ಸೇಂಟ್ ಆಂಡ್ರೂಸ್‌ನಲ್ಲಿದೆ. ಆಯುಕ್ತರು ಬರೀ ಅಲಂಕಾರಕ್ಕಲ್ಲ. ಪತ್ರಕರ್ತರ ಅರ್ಜಿಗಳನ್ನು ಸರ್ಕಾರ ಹೆಚ್ಚುವರಿ ಮೇಜುಗಳ ಮೂಲಕ ಹಾಯಿಸಿ ತಡಮಾಡುತ್ತಿತ್ತು ಎಂಬುದನ್ನು 2018ರಲ್ಲಿ ಹೊರಗೆಳೆದದ್ದು ಅವರೇ.

ಮಂಡಳಿಯಿಂದ ಅಂಕಿ ಬಂದ ಮೇಲೆ ಕೆಲಸ ಮುಗಿಯಿತೆಂದು ಕಡತ ಕಟ್ಟಬೇಡಿ. ಅದನ್ನು ಲಗತ್ತಿಸಿ ಮತ್ತೆ ನಿಮ್ಮ ಶಾಸಕರಿಗೆ ಕಳಿಸಿ: ‘ಎನ್‌ಎಚ್‌ಎಸ್ ಹೈಲ್ಯಾಂಡ್ ಕೊಟ್ಟ ಈ ಅಂಕಿಅಂಶಗಳ ಬಗ್ಗೆ ಸರ್ಕಾರ ಮಂಡಳಿಯೊಂದಿಗೆ ಯಾವ ದಿನಾಂಕದಂದು, ಏನು ಚರ್ಚಿಸಿದೆ?’ ಈ ಸಲ ಸಚಿವರು ‘ಕೇಂದ್ರೀಯವಾಗಿ ಇಟ್ಟುಕೊಂಡಿಲ್ಲ’ ಎನ್ನುವಂತಿಲ್ಲ. ನೀವೇ ಕೊಟ್ಟಿರುತ್ತೀರಲ್ಲ.