ಐದೇ ಗೆರೆಗೆ ಎಡವಿದ ಕಥೆ

ಜಪಾನಿ ಕಲಿಯಲು ಹೊರಟಾಗ ಎಲ್ಲರೂ ಹೆದರಿಸಿದ್ದು ಒಂದೇ ಮಾತಿನಿಂದ: "ಅಷ್ಟೊಂದು ಗೆರೆ ಇರೋ ಅಕ್ಷರ ಹೇಗೆ ಓದ್ತೀಯ?" ವಾಹನಗಳ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ಈಗ ಆರು ವರ್ಷದಿಂದ ಜಪಾನಿ ಕಾಗದಗಳನ್ನು ಅನುವಾದ ಮಾಡುತ್ತಿದ್ದೇನೆ. ಗೆರೆ ಜಾಸ್ತಿ ಅಂತ ನಾನು ತಪ್ಪು ಓದಿದ್ದು ತೀರಾ ಕಡಿಮೆ.

ವಾರದ ಹೆಸರುಗಳನ್ನೇ ನೋಡಿ. ನಿಚಿಯೋಬಿ, ಗೆತ್ಸುಯೋಬಿ, ಹೀಗೆ ಏಳರಲ್ಲೂ ನಡುವೆ ಬರುವ 'ಯೋ' ಕಾಂಜಿಗೆ (ಕಾಂಜಿ ಅಂದರೆ ಚೀನಾದಿಂದ ಬಂದ, ಅರ್ಥ ಹೇಳುವ ಅಕ್ಷರ) 18 ಗೆರೆ. ಮೊದಲ ತಿಂಗಳಲ್ಲೇ ಕಣ್ಣಿಗೆ ಕೂತುಬಿಟ್ಟಿತು. ದಿನಾ ಸಿಗುತ್ತದೆ, ಆ ಜಾಗಕ್ಕೆ ಬೇರೆ ಅಕ್ಷರ ಬರುವುದೇ ಇಲ್ಲ.

ನಾನು ಬಿದ್ದದ್ದು 5 ಗೆರೆಯ ಅಕ್ಷರಕ್ಕೆ. 'ಮರ' ಅನ್ನುವ ಕಾಂಜಿಗೆ ಇನ್ನೊಂದು ಅಡ್ಡಗೆರೆ ಹಾಕಿದರೆ ಎರಡು ಬೇರೆ ಬೇರೆ ಅಕ್ಷರ ಸಿಗುತ್ತವೆ. ಮೇಲಿನ ಅಡ್ಡಗೆರೆ ಕೆಳಗಿನದಕ್ಕಿಂತ ಗಿಡ್ಡ ಇದ್ದರೆ 'ಮಿ', ಅಂದರೆ ಇನ್ನೂ ಆಗಿಲ್ಲ. ಉದ್ದ ಇದ್ದರೆ 'ಮಾತ್ಸು', ಅಂದರೆ ಕೊನೆ. ಕೈಬರಹದ ತಪಾಸಣೆ ಪಟ್ಟಿಯೊಂದರ ಸ್ಕ್ಯಾನ್ ಬಂದಿತ್ತು. ಬರೆದವರ ಅವಸರದಲ್ಲಿ ಎರಡೂ ಗೆರೆ ಸಮ ಆಗಿದ್ದವು. ನಾನು 'ಕೊನೆ' ಅಂತ ಓದಿ, ತಪಾಸಣೆ ಮುಗಿದಿದೆ ಎಂದು ಮೇಲ್ ಹಾಕಿಬಿಟ್ಟೆ. ಆಮೇಲೆ ಏನಾಯ್ತು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಜಪಾನಿ ಸಹೋದ್ಯೋಗಿಯ ಹತ್ತಿರ ಹೋಗಿ, "ನೀವು ಇದನ್ನು ಹೇಗೆ ಗುರುತಿಸಿದಿರಿ?" ಅಂತ ಕೇಳಿದೆ. "ಗೆರೆ ನೋಡಲೇ ಇಲ್ಲ" ಅಂದರು. "ಮೇಲಿನ ಸಾಲುಗಳಲ್ಲಿ 'ಸುಮಿ', ಅಂದರೆ ಆಯ್ತು ಅಂತಿದೆ. ಅದೇ ಕಾಲಮ್‌ನಲ್ಲಿ 'ಕೊನೆ' ಯಾಕೆ ಬರುತ್ತೆ?"

ಅಲ್ಲಿಂದ ಓದುವ ರೀತಿ ಬದಲಾಯಿಸಿಕೊಂಡೆ. ಅಕ್ಷರವನ್ನು ಒಂಟಿಯಾಗಿ ದಿಟ್ಟಿಸುವುದು ಬಿಟ್ಟೆ. ಒಂದೇ ಥರ ಕಾಣುವವನ್ನು ಒಟ್ಟಿಗೆ ಕೂರಿಸಿ ಕಲಿತೆ. ದೇವಸ್ಥಾನ ಅನ್ನುವ ಕಾಂಜಿ ಬಲಗಡೆ ಕೂತ ಅಕ್ಷರಗಳ ದೊಡ್ಡ ಸಂಸಾರವೇ ಇದೆ. ಎಡಗಡೆ ಸೂರ್ಯ ಬಂದರೆ ಸಮಯ, ಕೈ ಬಂದರೆ ಹಿಡಿ, ಮನುಷ್ಯ ಬಂದರೆ ಸಮುರಾಯ್. ಮೂರಕ್ಕೂ 'ಜಿ' ಅನ್ನುವ ಓದು ಇದೆ. ಮನುಷ್ಯನ ಮೇಲೆ ಇನ್ನೊಂದು ಓರೆ ಗೆರೆ ಬಿತ್ತೋ, 'ಕಾಯು' ಅಂತಾಗುತ್ತದೆ, ಓದು 'ತಾಯ್'. ಹೊಟ್ಟೆ ಸೀಳಿದರೆ ಪ ಹೋಗಿ ಷ ಆಗುವ ಲಿಪಿಯವರು ನಾವು, ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು.

ಕಾಂಜಿ ಇಲ್ಲದಿದ್ದರೆ ಆರಾಮ ಅಂದುಕೊಂಡಿದ್ದೆ. ಸುಳ್ಳು. "ಅಮ್ಮನಿಗೆ ಹೂ ಇಷ್ಟ" ಅನ್ನುವುದನ್ನು ಬರೀ ಹಿರಾಗಾನದಲ್ಲಿ, ಅಂದರೆ ಉಚ್ಚಾರ ಮಾತ್ರ ತೋರಿಸುವ ಜಪಾನಿ ಲಿಪಿಯಲ್ಲಿ, ಬರೆದರೆ ಸಾಲಿಗೆ ನಾಲ್ಕು 'ಹ' ಬರುತ್ತವೆ: ಹಹಹಹನಗಸುಕಿ. ಜಪಾನಿಯಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಅಮ್ಮ ಎಲ್ಲಿ ಮುಗಿದಳು, ಹೂ ಎಲ್ಲಿ ಶುರುವಾಯ್ತು? ಅಮ್ಮ, ಹೂ ಎರಡನ್ನೂ ಕಾಂಜಿಯಲ್ಲಿ ಬರೆದರೆ ಪದಗಳು ತಾವಾಗೇ ಬೇರೆ ಬೇರೆ ನಿಲ್ಲುತ್ತವೆ.

ಕಟಕಾನಾ, ಅಂದರೆ ಹೆಚ್ಚಾಗಿ ಹೊರಗಿನ ಪದಗಳಿಗೆ ಬಳಸುವ ಇನ್ನೊಂದು ಉಚ್ಚಾರದ ಲಿಪಿ, ಅದರ 'ಶಿ' ಮತ್ತು 'ತ್ಸು' ಕೂಡ ಸುಮಾರು ದಿನ ಸತಾಯಿಸಿದವು. ಎರಡಕ್ಕೂ ಎರಡು ಪುಟ್ಟ ಗೆರೆ, ಒಂದು ಉದ್ದ ಗೆರೆ. ಸುಮ್ನೆ ನೋಡಿ ಪ್ರಯೋಜನ ಇಲ್ಲ, ಪೆನ್ನು ಹಿಡಿದು ಬರೆಯಬೇಕು. 'ಶಿ'ಯ ಉದ್ದ ಗೆರೆ ಕೆಳಗಿಂದ ಮೇಲಕ್ಕೆ ಹೋಗುತ್ತದೆ, 'ತ್ಸು'ವಿನದು ಮೇಲಿಂದ ಕೆಳಕ್ಕೆ. ಕೈಗೆ ಗೊತ್ತಾದ ಮೇಲೆ ಕಣ್ಣಿಗೂ ಗೊತ್ತಾಯಿತು.

ಇನ್ನೂ ಬಗೆಹರಿಯದ್ದು 'ಬಸು' ಮತ್ತು 'ಪಸು', ಅಂದರೆ ಬಸ್ ಮತ್ತು ಪಾಸ್. ಮೊದಲ ಅಕ್ಷರದ ಮೂಲೆಯಲ್ಲಿ ಎರಡು ಚುಕ್ಕಿಗೆರೆ ಇದ್ದರೆ ಬಸ್, ಪುಟ್ಟ ಸೊನ್ನೆ ಇದ್ದರೆ ಪಾಸ್. ಮಸುಕಾದ ಜೆರಾಕ್ಸ್‌ನಲ್ಲಿ ಎರಡೂ ಒಂದು ಕರಿ ಮಚ್ಚೆ. ಅಲ್ಲಿ ಮಾತ್ರ ಮೂಲ ಪ್ರತಿ ಕಳಿಸಿ ಅಂತ ನಾಚಿಕೆ ಇಲ್ಲದೆ ಕೇಳುತ್ತೇನೆ.