ಪುಟ್ಟ ಮಗುವನ್ನಿಟ್ಟುಕೊಂಡು ಮತ್ತೆ ಓದಲು ಹೊರಟವರಿಗೆ: ಮೊದಲು ಗಂಟೆಯ ಲೆಕ್ಕ, ಆಮೇಲೆ ಫೀಸು

ಒಂದರಿಂದ ಮೂರು ವರ್ಷದೊಳಗಿನ ಮಗುವನ್ನು ಕಟ್ಟಿಕೊಂಡು ಮತ್ತೆ ಓದಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೋರ್ಸು ಹುಡುಕುತ್ತಾರೆ. ಅದಕ್ಕೂ ಮುಂಚೆ ಗೊತ್ತಾಗಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ನಿಜವಾಗಿ ಕೈಗೆ ಸಿಗುತ್ತದೆ ಎಂಬುದು. ಮನಸ್ಸಿನಲ್ಲೇ ಅಂದಾಜು ಮಾಡಿದರೆ ಉತ್ತರ ಹೆಚ್ಚೇ ಬರುತ್ತದೆ. ಬರೆದು ನೋಡಬೇಕು.

ಒಂದು ವಾರದ ಹಾಳೆ

ಹಾಳೆಯೊಂದರಲ್ಲಿ ಏಳು ದಿನಗಳ ಪಟ್ಟಿ ಎಳೆದು, ಬೆಳಿಗ್ಗೆ ಏಳುವುದರಿಂದ ರಾತ್ರಿ ಮಲಗುವವರೆಗೆ ಅರ್ಧ ಗಂಟೆಗೊಂದು ಮನೆ ಮಾಡಿ. ರಾತ್ರಿ ಕೂತು ನೆನಪಿನಿಂದ ತುಂಬಬೇಡಿ, ಆಯಾ ಹೊತ್ತಿಗೇ ಗುರುತು ಹಾಕಿ. ಮೂರು ಗುರುತು ಸಾಕು. ಮಗುವಿನ ಹೊಣೆ ಪೂರ್ತಿ ಬೇರೊಬ್ಬರ ಮೇಲಿದ್ದ ಹೊತ್ತಿಗೆ ‘ಪೂರ್ಣ’, ಮಗು ಮಲಗಿದ್ದು ಯಾವಾಗ ಬೇಕಾದರೂ ಎದ್ದು ಕರೆಯಬಹುದಾದ ಹೊತ್ತಿಗೆ ‘ಅರೆ’, ಉಳಿದದ್ದಕ್ಕೆ ಬರೀ ಗೀಟು. ನಿಮ್ಮ ಸ್ನಾನ, ಊಟ, ಬಟ್ಟೆ ಮಡಿಸುವುದು ಇವಕ್ಕೆ ಹೋದ ಸಮಯವನ್ನು ಬಿಡುವಿನ ಲೆಕ್ಕಕ್ಕೆ ಸೇರಿಸಬೇಡಿ.

ಒಂದು ಉದಾಹರಣೆ ನೋಡಿ. ಮಧ್ಯಾಹ್ನ ಮಗು ಒಂದೂವರೆ ಗಂಟೆ ಮಲಗಿದರೂ ಊಟ, ಕೆಲಸ ಕಳೆದು ಉಳಿಯುವುದು 45 ನಿಮಿಷ, ಅದೂ ವಾರದಲ್ಲಿ ನಾಲ್ಕು ದಿನ. ಅಲ್ಲಿಗೆ 3 ಗಂಟೆ. ಮೂರು ರಾತ್ರಿ ಒಂದೊಂದು ಗಂಟೆ ಕೂತರೆ ಇನ್ನು 3. ವಾರದಲ್ಲಿ ಎರಡು ದಿನ ಮನೆಯವರು ಯಾರಾದರೂ ಮೂರು ಮೂರು ಗಂಟೆ ಮಗುವನ್ನು ನೋಡಿಕೊಂಡರೆ 6. ಒಟ್ಟು 12 ಆಯಿತು. ಇದರಲ್ಲಿ ಮೂರನೇ ಒಂದು ಪಾಲು ಕಳೆದುಬಿಡಿ: ಜ್ವರ, ನೆಂಟರು, ನಿದ್ದೆಗೆಟ್ಟ ರಾತ್ರಿ, ಎಲ್ಲಕ್ಕೂ ಅದೇ ಪಾಲಿನಿಂದ ಕೊಡಬೇಕು. ನಿಮ್ಮ ಕೈಯಲ್ಲಿರುವುದು 8 ಗಂಟೆ.

ಈಗ ಕೋರ್ಸಿನ ಕಡೆ ಬನ್ನಿ. ವಿಷಯದ ಓದಿನ ಭಾರವನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕ್ರೆಡಿಟ್ಟಿಗೆ ತರಗತಿ, ಸ್ವಂತ ಓದು, ಅಸೈನ್‌ಮೆಂಟ್ ಎಲ್ಲ ಸೇರಿ ಎಷ್ಟು ಗಂಟೆ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಕೆಲವು ಪದ್ಧತಿಗಳಲ್ಲಿ 25ರಿಂದ 30, ಕೆಲವು ಕಡೆ 45ರ ಹತ್ತಿರ. 30ರ ಲೆಕ್ಕದಲ್ಲಿ 4 ಕ್ರೆಡಿಟ್ಟಿನ ಒಂದು ವಿಷಯಕ್ಕೆ 120 ಗಂಟೆ ಬೇಕು. 15 ವಾರದ ಸೆಮಿಸ್ಟರಿಗೆ ಹಂಚಿದರೆ ವಾರಕ್ಕೆ ಸರಿಯಾಗಿ 8. ಅಂದರೆ ಒಂದೇ ವಿಷಯ. 45ರ ಲೆಕ್ಕವಾದರೆ ವಾರಕ್ಕೆ 12 ಬೇಕಾಗುತ್ತದೆ, ಮೇಲಿನ ಹಾಳೆ ಅದನ್ನು ತಾಳುವುದಿಲ್ಲ. ಪ್ರಾಸ್ಪೆಕ್ಟಸ್ಸಿನಲ್ಲಿ ಈ ಸಂಖ್ಯೆ ಕಾಣದಿದ್ದರೆ ಕಚೇರಿಗೆ ಬರೆದು ಕೇಳಿ.

ಮಧ್ಯಾಹ್ನದ ನಿದ್ದೆ ಕೈಕೊಡುತ್ತದೆ

‘ಮಗು ಮಲಗಿದಾಗ ಓದಿಕೊಳ್ಳಿ’ ಎನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಅದನ್ನೇ ನಂಬಿಕೊಂಡು ಕೋರ್ಸಿಗೆ ಸೇರಬೇಡಿ. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ ಒಟ್ಟು 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ದಾಟಿದ ಮೇಲೆ 10ರಿಂದ 13. ಹಗಲಿನಲ್ಲಿ ಎರಡು ಸಲ ಮಲಗುತ್ತಿದ್ದ ಮಗು ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದ ಹೊತ್ತಿಗೆ ಒಂದೇ ಸಲಕ್ಕೆ ಇಳಿಯುತ್ತದೆ. ಮೂರರಿಂದ ಐದು ವರ್ಷದೊಳಗೆ ಹಗಲು ನಿದ್ದೆಯೇ ನಿಲ್ಲುತ್ತದೆ. ಎರಡು ವರ್ಷದ ಕೋರ್ಸು ಮುಗಿಯುವಷ್ಟರಲ್ಲಿ ಇವತ್ತಿನ ವೇಳಾಪಟ್ಟಿ ಉಳಿದಿರುವುದಿಲ್ಲ.

ಈ ಬದಲಾವಣೆಯ ವಾರಗಳಲ್ಲಿ ಮಗು ಒಂದು ದಿನ ಮಲಗುವುದೇ ಇಲ್ಲ, ಇನ್ನೊಂದು ದಿನ ಸಂಜೆ ಐದಕ್ಕೆ ಆಟದ ಮಧ್ಯೆಯೇ ನಿದ್ದೆಹೋಗುತ್ತದೆ. ಸಂಜೆ ಮಲಗಿದ ಮಗು ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ, ಹಾಗಾಗಿ ಆ ರಾತ್ರಿಯ ಓದೂ ಹೋಯಿತು. ನಿದ್ದೆ ತಡವಾಗಿ ಬಂದ ದಿನ ನಾಲ್ಕರೊಳಗೆ ಎಬ್ಬಿಸುವುದು ಲೇಸು. ಸ್ವಲ್ಪ ಹೊತ್ತು ರಚ್ಚೆ ಹಿಡಿಯುತ್ತದೆ, ರಾತ್ರಿ ಉಳಿಯುತ್ತದೆ.

ಕೋರ್ಸಿನ ಬೆನ್ನೆಲುಬು ‘ಪೂರ್ಣ’ ಗುರುತಿನ ಗಂಟೆಗಳೇ ಆಗಬೇಕು. ವಾರಕ್ಕೆ ಅಂಥ ಎರಡು ಹೊತ್ತಾದರೂ, ಒಂದೊಂದೂ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಸಿಗದಿದ್ದರೆ ಸೇರುವ ದಿನವನ್ನು ಮುಂದೂಡುವುದೇ ಒಳ್ಳೆಯದು.

ಯಾವ ಹೊತ್ತಿಗೆ ಯಾವ ಕೆಲಸ

ಹೊಸ ಅಧ್ಯಾಯ ಅರ್ಥ ಮಾಡಿಕೊಳ್ಳುವುದು, ಲೆಕ್ಕ ಬಿಡಿಸುವುದು, ಅಸೈನ್‌ಮೆಂಟ್ ಬರೆಯುವುದು ಇವೆಲ್ಲ ‘ಪೂರ್ಣ’ ಹೊತ್ತಿನ ಕೆಲಸ. ಇವಕ್ಕೆ ಒಂದೇ ಸಮನೆ 60ರಿಂದ 90 ನಿಮಿಷ ಬೇಕು, ಮಧ್ಯೆ ಎದ್ದರೆ ಮತ್ತೆ ಮೊದಲಿನಿಂದ. ಓದಿದ್ದನ್ನು ಮತ್ತೊಮ್ಮೆ ನೋಡುವುದು, ರೆಕಾರ್ಡ್ ಆದ ಪಾಠವನ್ನು ತುಂಡುತುಂಡಾಗಿ ಕೇಳುವುದು, ಟಿಪ್ಪಣಿ ತಿದ್ದುವುದು ‘ಅರೆ’ ಹೊತ್ತಿಗೆ. ಫೈಲ್ ಇಳಿಸಿಕೊಳ್ಳುವುದು, ಮೇಲ್ ಕಳಿಸುವುದು, ಪುಟ ಮುದ್ರಿಸುವುದು ಎಲ್ಲಿ ಬೇಕಾದರೂ ಆಗುತ್ತದೆ. ಎಡವುವುದು ಇಲ್ಲಿಯೇ: ಅಪರೂಪಕ್ಕೆ ಸಿಕ್ಕ ಪೂರ್ಣ ಎರಡು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಫೈಲುಗಳನ್ನು ಜೋಡಿಸುವುದರಲ್ಲೇ ಹೋಗುತ್ತದೆ. ಆ ಜೋಡಣೆ ಹಿಂದಿನ ರಾತ್ರಿಯೇ ಮುಗಿದಿರಲಿ.

ಪ್ರತಿ ಸಲ ಏಳುವ ಎರಡು ನಿಮಿಷ ಮುಂಚೆ ಒಂದು ಚೀಟಿ ಬರೆದು ಪುಸ್ತಕದೊಳಗಿಡಿ. ‘ಅಧ್ಯಾಯ 4 ಮುಂದುವರಿಸಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಪುಟ 84, ಎರಡನೇ ಲೆಕ್ಕ, ಮೂರನೇ ಹೆಜ್ಜೆಯಲ್ಲಿ ಚಿಹ್ನೆ ಯಾಕೆ ಬದಲಾಯಿತು ಎಂದು ನೋಡಬೇಕು’ ಎಂದಿರಲಿ. ಮೂರು ದಿನದ ಮೇಲೆ ಬಂದು ಕೂತರೂ ಐದು ನಿಮಿಷದಲ್ಲಿ ಹಳೆಯ ಜಾಗಕ್ಕೆ ತಲುಪುತ್ತೀರಿ. ಮಗು ಅತ್ತು ದಿಢೀರನೆ ಏಳಬೇಕಾದಾಗ ಚೀಟಿಗೂ ಸಮಯವಿರುವುದಿಲ್ಲ. ಅದಕ್ಕೇ ಕೆಲಸದ ಮಧ್ಯೆಯೂ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತ ಹೋಗಿ.

ಮರೆವಿನ ಲೆಕ್ಕವನ್ನೂ ಇಟ್ಟುಕೊಳ್ಳಿ. ಹೊಸದಾಗಿ ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ಬೇಗ ಅಳಿಸಿಹೋಗುತ್ತದೆ, ಆಮೇಲೆ ಅಳಿಯುವ ವೇಗ ತಗ್ಗುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ಇದನ್ನು ತೋರಿಸಿದ್ದ. ಆದ್ದರಿಂದ ಓದಿದ್ದನ್ನು 1, 3, 7, 14ನೇ ದಿನಗಳಲ್ಲಿ ಹತ್ತು ಹತ್ತು ನಿಮಿಷ ತಿರುವಿಹಾಕಿ. ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿಕೊಳ್ಳುವುದು ಹೆಚ್ಚು ನಿಲ್ಲುತ್ತದೆ. ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು ಕತ್ತಲಲ್ಲಿ ಕೂತಿರುವಾಗ ಇದೊಂದು ಕೆಲಸ ಚೆನ್ನಾಗಿ ಆಗುತ್ತದೆ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುತ್ತ ಮಗುವನ್ನು ಆಡಿಸುವುದು ಮಾತ್ರ ಬೇಡ. ಪಾಠ ತಲೆಗಿಳಿಯುವುದಿಲ್ಲ, ಮಾತು ಕಲಿಯುವ ವಯಸ್ಸಿನ ಮಗುವಿಗೆ ಉತ್ತರವೂ ಸಿಗುವುದಿಲ್ಲ.

ಮಗುವನ್ನು ಬೇರೆಯವರ ಬಳಿ ಬಿಡುವುದು

ಡೇಕೇರ್ ಇರಲಿ, ಮನೆಯವರೇ ಇರಲಿ, ತರಗತಿ ಶುರುವಾಗುವ ನಾಲ್ಕರಿಂದ ಆರು ವಾರ ಮುಂಚೆ ಅಭ್ಯಾಸ ಆರಂಭಿಸಿ. ಮೊದಲ ಎರಡು ಮೂರು ದಿನ ನೀವೂ ಜೊತೆಗಿರಿ. ಆಮೇಲೆ 15 ನಿಮಿಷ ಹೊರಗೆ ಹೋಗಿ ಬನ್ನಿ, ನಂತರ ಒಂದು ಗಂಟೆ, ಅರ್ಧ ದಿನ. ಒಂದು ಹಂತ ಎರಡು ದಿನ ಸರಿಯಾಗಿ ಸಾಗಿದ ಮೇಲೆಯೇ ಮುಂದಿನದು. ಸುಮಾರು 10ರಿಂದ 18 ತಿಂಗಳ ನಡುವೆ ಅಗಲಿಕೆಯ ಭಯ ಜೋರಾಗಿರುತ್ತದೆ. ಆ ವಯಸ್ಸಿನಲ್ಲಿ ಶುರುಮಾಡುವವರು ಇನ್ನೆರಡು ವಾರ ಹೆಚ್ಚಿಗೆ ಇಟ್ಟುಕೊಳ್ಳಿ.

ಮಗು ಆಟದಲ್ಲಿ ಮುಳುಗಿರುವಾಗ ಕಣ್ಣು ತಪ್ಪಿಸಿ ಹೊರಡುವುದು ಸುಲಭ, ಆ ದಿನ ಅಳುವೂ ಕಡಿಮೆ. ಆದರೆ ಮರುದಿನದಿಂದ ಮಗು ನಿಮ್ಮನ್ನು ಸ್ನಾನದ ಮನೆಗೂ ಬಿಡುವುದಿಲ್ಲ, ಯಾವ ಗಳಿಗೆಯಲ್ಲಿ ಮಾಯವಾಗುತ್ತೀರೋ ಎಂಬ ಕಾವಲು ಶುರುವಾಗುತ್ತದೆ. ಹೇಳಿಯೇ ಹೊರಡಿ, ಒಂದೇ ಮಾತಿನಲ್ಲಿ. ‘ಎರಡು ಗಂಟೆ’ ಎಂದರೆ ಮಗುವಿಗೆ ತಿಳಿಯದು, ‘ನೀನು ಮಲಗಿ ಎದ್ದ ಮೇಲೆ ಬರ್ತೀನಿ’ ಎಂದರೆ ತಿಳಿಯುತ್ತದೆ. ಹೇಳಿದ ಹೊತ್ತಿಗೆ ಬಂದೇ ಬರಬೇಕು.

ಮನೆಯಲ್ಲೇ ಬಾಗಿಲು ಹಾಕಿಕೊಂಡು ಓದುವುದು ಹೊರಗೆ ಹೋಗುವುದಕ್ಕಿಂತ ಕಷ್ಟ. ನಿಮ್ಮ ದನಿ ಕೇಳಿದರೆ ಮಗು ಬಾಗಿಲು ಬಡಿಯುತ್ತದೆ, ನೋಡಿಕೊಳ್ಳುವವರು ಐದು ನಿಮಿಷಕ್ಕೊಮ್ಮೆ ಏನಾದರೂ ಕೇಳುತ್ತಾರೆ. ಸಾಧ್ಯವಾದರೆ ಗ್ರಂಥಾಲಯಕ್ಕೆ ಹೋಗಿ. ಮನೆಯಲ್ಲೇ ಇರಬೇಕಾದರೆ ಯಾವುದಕ್ಕೆ ಕರೆಯಬೇಕು ಎಂದು ಮೊದಲೇ ಮಾತಾಡಿಕೊಳ್ಳಿ: ಜ್ವರ, ಬಿದ್ದು ತಲೆಗೆ ಪೆಟ್ಟು, ಉಸಿರಾಟದ ತೊಂದರೆ, ಏನಾದರೂ ನುಂಗಿದ ಅನುಮಾನ. ಕಾಲುಚೀಲ ಎಲ್ಲಿದೆ ಎಂಬುದಕ್ಕಲ್ಲ.

ಓದುವ ಮೇಜಿನ ಅಪಾಯಗಳು

ಪೆನ್ನಿನ ಮುಚ್ಚಳ, ಪಿನ್ನು, ಚಿಕ್ಕ ಅಯಸ್ಕಾಂತ, ಕ್ಯಾಲ್ಕುಲೇಟರಿನ ಬಟನ್ ಸೆಲ್ (ಗುಂಡಿಯಂಥ ಚಿಕ್ಕ ಬ್ಯಾಟರಿ) ಇವೆಲ್ಲ ಮಗು ಬಾಯಿಗೆ ಹಾಕುವ ಗಾತ್ರದವು. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ಕೊಳವೆಯಲ್ಲಿ ತೂರಿಹೋಗುವ ಯಾವ ವಸ್ತುವೂ ಮೂರು ವರ್ಷದೊಳಗಿನ ಮಗುವಿನ ಕೈಗೆಟುಕಬಾರದು. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಲ್ಲದು. ನುಂಗಿರಬಹುದು ಎಂಬ ಅನುಮಾನವಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಿರಿ, ಲ್ಯಾಪ್‌ಟಾಪಿನ ವೈರ್ ನೆಲದ ಮೇಲೆ ಹರಡದಿರಲಿ, ಬಿಸಿ ಪಾನೀಯ ಮೇಜಿನ ಅಂಚಿನಲ್ಲಿ ಬೇಡ. ಮಗು ಸ್ನಾನದಲ್ಲಿರುವಾಗ ಒಂದು ಪುಟವನ್ನೂ ಓದಬೇಡಿ, ಕೆಲವೇ ಸೆಂಟಿಮೀಟರ್ ನೀರು ಸಾಕು ಮುಳುಗಲು.

ಟಿವಿ, ಮೊಬೈಲ್ ಕೊಟ್ಟು ಓದುವ ಬಗ್ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆಯಂತೆ ಒಂದು ವರ್ಷದ ಮಗುವಿಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಎರಡು ದಾಟಿದ ಮಗುವಿಗಾದರೂ ಅದನ್ನು ದಿನಚರಿಯಲ್ಲಿ ಸೇರಿಸದೆ ಆನ್‌ಲೈನ್ ವೈವಾದಂಥ ದಿನಗಳಿಗೆ ಉಳಿಸಿಕೊಂಡರೆ ಅದರ ಬಲವೂ ಉಳಿಯುತ್ತದೆ.

ಸೇರುವ ಮುಂಚೆ

ಹಳೆಯ ಮಾರ್ಕ್ಸ್ ಕಾರ್ಡ್, ವರ್ಗಾವಣೆ ಪತ್ರ, ಹೆಸರು ಬದಲಾಗಿದ್ದರೆ ಅದರ ದಾಖಲೆ ಇವನ್ನು ಮೂರು ತಿಂಗಳ ಮುಂಚೆಯೇ ಹೊಂದಿಸಲು ಶುರುಮಾಡಿ. ಕಾಲೇಜಿಗೆ ಬರಹದಲ್ಲಿ ಕೇಳಬೇಕಾದವು ಇಷ್ಟು: ಹಳೆಯ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆಯೇ, ಬಂದರೆ ಎಷ್ಟು ವರ್ಷದವರೆಗೆ? ಹಾಜರಾತಿ ಕನಿಷ್ಠ ಎಷ್ಟು? ಮಗುವಿನ ಕಾಯಿಲೆಗೆ ವೈದ್ಯರ ಪತ್ರ ನಡೆಯುತ್ತದೆಯೇ, ನಿಮ್ಮದೇ ಕಾಯಿಲೆಯಾಗಬೇಕೇ? ಒಂದು ಸೆಮಿಸ್ಟರ್ ಬಿಟ್ಟರೆ ಮತ್ತೆ ಸೇರಲು ಏನು ಮಾಡಬೇಕು, ಕೋರ್ಸು ಮುಗಿಸಲು ಗರಿಷ್ಠ ಅವಧಿ ಎಷ್ಟು? ಫೋನಿನಲ್ಲಿ ಸಿಕ್ಕ ‘ನೋಡೋಣ ಬಿಡಿ’ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ನಾಲ್ಕು ವಾರದ ಪರೀಕ್ಷೆ. ಸೇರಬೇಕೆಂದಿರುವ ವಿಷಯದ ಪಠ್ಯಪುಸ್ತಕವನ್ನು ಎರವಲು ತಂದು, ಕೋರ್ಸಿಗೆ ಸೇರಿಯೇ ಬಿಟ್ಟಿದ್ದೀರಿ ಎಂಬಂತೆ ಓದಿ, ಕೊನೆಗೆ ನಾಲ್ಕು ಪುಟದ ಉತ್ತರವೊಂದನ್ನು ಬರೆಯಿರಿ. ಹಾಳೆಯಲ್ಲಿ ಲೆಕ್ಕ ಹಾಕಿದ ಗಂಟೆಗಳೇ ವಾರದ ಗುರಿ. ನಾಲ್ಕರಲ್ಲಿ ಮೂರು ವಾರ ಅದನ್ನು ಮುಟ್ಟಿದರೆ ಫೀಸು ಕಟ್ಟಿ. ಎರಡೇ ವಾರ ಮುಟ್ಟಿದರೆ ವಿಷಯ ಕಡಿಮೆ ಮಾಡಿ, ಇಲ್ಲವೇ ಪೂರ್ಣ ಗಂಟೆ ಹೆಚ್ಚಿಸಿ. ನಿದ್ದೆಯಿಂದ ಕಡಿದು ಗಂಟೆ ಹೊಂದಿಸಬೇಡಿ: ಮಗು ಬೆಳಿಗ್ಗೆ ಆರಕ್ಕೆ ಏಳುವ ಮನೆಯಲ್ಲಿ ರಾತ್ರಿ ಒಂದರವರೆಗಿನ ಓದು ಬಹಳ ದಿನ ನಡೆಯುವುದಿಲ್ಲ.

ಡೇಕೇರಿಗೆ ಹೊಸದಾಗಿ ಹೋಗುವ ಮಗುವಿಗೆ ಮೊದಲ ವರ್ಷ ಮೇಲಿಂದ ಮೇಲೆ ನೆಗಡಿ, ಜ್ವರ ಬರುವುದು ಸಹಜ, ವರ್ಷಕ್ಕೆ ಆರೆಂಟು ಸಲ ಬಂದರೂ ಅಸಹಜವಲ್ಲ. ಹಾಗಾಗಿ ಪ್ರತಿ ನಾಲ್ಕನೇ ವಾರಕ್ಕೆ ಹೊಸ ಪಾಠ ಇಟ್ಟುಕೊಳ್ಳಬೇಡಿ, ಹಿಂದೆ ಬಿದ್ದದ್ದನ್ನು ಎಳೆದುಕೊಳ್ಳಲು ಅದು ಖಾಲಿ ಇರಲಿ. ಅಸೈನ್‌ಮೆಂಟಿನ ಕೊನೆ ದಿನವನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಐದು ದಿನ ಹಿಂದಕ್ಕೆ ಬರೆದುಕೊಳ್ಳಿ. ಪರೀಕ್ಷೆಯ ದಿನಗಳಿಗೆ ಮಗುವನ್ನು ನೋಡಿಕೊಳ್ಳಲು ಇಬ್ಬರನ್ನು ಗೊತ್ತುಮಾಡಿ. ಜ್ವರವಿರುವ ಮಗುವನ್ನು ಡೇಕೇರಿನವರು ಸೇರಿಸಿಕೊಳ್ಳುವುದಿಲ್ಲ, ಆದ್ದರಿಂದ ಎರಡನೆಯವರು ಮನೆಗೇ ಬರುವಂಥವರಾಗಿರಬೇಕು. ಬೀಗದ ಕೈ, ಔಷಧಿಯ ಪ್ರಮಾಣ ಬರೆದ ಚೀಟಿ, ವೈದ್ಯರ ಫೋನ್ ನಂಬರ್ ಅವರ ಬಳಿ ಹಿಂದಿನ ದಿನವೇ ಇರಲಿ.