ಗ್ರೀನ್‌ನ ಹಿಂದೆ ನಿಂತು ಕಲಿತದ್ದು

ಗಾಲ್ಫ್ ಕೋರ್ಸ್, ಅಂದರೆ ಗಾಲ್ಫ್ ಮೈದಾನದ ವಿನ್ಯಾಸ ಕಲಿಯಬೇಕೆಂದರೆ ಅಮೆಚೂರ್ (ಹವ್ಯಾಸಿ) ಪಂದ್ಯಗಳಿಗೇ ಹೋಗಬೇಕು. ಜನಸಂದಣಿ ಕಡಿಮೆ, ಬೇಕಾದ ಕಡೆ ನಿಲ್ಲಬಹುದು. ಚೆಂಡು ತಪ್ಪು ಜಾಗಕ್ಕೆ ಬೀಳುವುದೂ ಹೆಚ್ಚು. ನೆಲದ ಗುಟ್ಟು ರಟ್ಟಾಗುವುದೇ ಆಗ.

ನನ್ನ ಪಾಲಿಗೆ ಇದರ ಪಾಠಶಾಲೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್. ಮಾಮೂಲಿ ಭಾನುವಾರಗಳಂದು ಅಲ್ಲಿ ಆಟವಿಲ್ಲ, ಊರಿನವರು ನಾಯಿ ಕಟ್ಟಿಕೊಂಡು ಅಡ್ಡಾಡುತ್ತಾರೆ. ಪಂದ್ಯಕ್ಕೆ ಮೊದಲ ಅಂಥ ಭಾನುವಾರ, ಗ್ರೀನ್ (ಧ್ವಜ ನೆಟ್ಟ ಕುಳಿಯ ಸುತ್ತಲಿನ ನಯವಾದ ಹುಲ್ಲು) ತುಳಿಯದೆ, ಪ್ರತಿ ಹೋಲನ್ನೂ, ಅಂದರೆ ಆಟದ ಪ್ರತಿ ಹಂತವನ್ನೂ, ಕೊನೆಯಿಂದ ಟೀ (ಮೊದಲ ಹೊಡೆತದ ಜಾಗ) ಕಡೆಗೆ ನಡೆಯುತ್ತೇನೆ. 12ನೇ ಹೋಲ್‌ನಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಟೀಯಿಂದ ನೋಡಿದರೆ ಫೇರ್‌ವೇ (ಟೀ ಮತ್ತು ಗ್ರೀನ್ ನಡುವಿನ ಹುಲ್ಲುಹಾದಿ) ಬರೀ ಬಯಲು. ಗ್ರೀನ್ ಕಡೆಯಿಂದ ನೋಡಿದರೆ ಬಂಕರ್‌ಗಳು (ಮರಳುಗುಂಡಿಗಳು) ಬಾಯ್ತೆರೆದು ನಿಂತಿವೆ. ಒಂದು ಕಾಲದಲ್ಲಿ ಈ ಕೋರ್ಸನ್ನು ಉಲ್ಟಾ ದಿಕ್ಕಿನಲ್ಲೂ ಆಡುತ್ತಿದ್ದರು, ಅದಕ್ಕೇ ಹೀಗೆ.

ಪಂದ್ಯದ ದಿನ ಪುಸ್ತಕದಲ್ಲಿ ಹೋಲಿಗೊಂದು ಪುಟ. ಗ್ರೀನ್‌ನ ಆಕಾರ, ಧ್ವಜದ ಜಾಗ, ಗಾಳಿಯ ದಿಕ್ಕು ಮೊದಲೇ ಬರೆದಿಡಬೇಕು. ಚೆಂಡು ನೆಲ ಮುಟ್ಟಿದಲ್ಲಿ ಚುಕ್ಕಿ, ನಿಂತಲ್ಲಿ ಅಡ್ಡಗೆರೆ, ನಡುವೆ ಬಾಣ. ಮೂವರ ಗುಂಪು ಹತ್ತು ನಿಮಿಷಕ್ಕೊಂದು ಬಂದರೆ ಒಂದೂವರೆ ಗಂಟೆಯಲ್ಲಿ 25ರಷ್ಟು ಚೆಂಡು ಸಿಗುತ್ತವೆ. ಅದಕ್ಕಿಂತ ಕಡಿಮೆಯಾದರೆ ಆಟಗಾರನ ತಪ್ಪು ಯಾವುದು, ನೆಲದ ಕೆಲಸ ಯಾವುದು ಎಂದು ಬೇರ್ಪಡಿಸಲಾಗದು.

ಹೆಚ್ಚು ಹೊತ್ತು ಕೊಡಬೇಕಾದದ್ದು 17ನೇ ಹೋಲಿಗೆ, ಅಂದರೆ ರೋಡ್ ಹೋಲಿಗೆ. ಚಾಂಪಿಯನ್‌ಷಿಪ್ ಟೀಯಿಂದ 495 ಗಜ, ಪಾರ್ 4, ಅಂದರೆ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕೆಂಬ ಲೆಕ್ಕ. ಗ್ರೀನ್ ಓರೆಯಾಗಿ ಮಲಗಿದೆ, ಅಗಲ ಬಹಳ ಕಡಿಮೆ. ಎಡಮುಂದೆ ರೋಡ್ ಬಂಕರ್, ಹಿಂದೆ ರಸ್ತೆ, ಅದರಾಚೆ ಕಲ್ಲುಗೋಡೆ. ಟೀ ಶಾಟನ್ನು ಬಲಕ್ಕೆ, ಹೋಟೆಲಿನ ಪಕ್ಕಕ್ಕೆ, ಧೈರ್ಯವಾಗಿ ಹೊಡೆದವನಿಗೆ ಗ್ರೀನ್ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಹೆದರಿ ಎಡಕ್ಕೆ ಹೋದವನು ಬಂಕರ್ ದಾಟಿಸಲೇಬೇಕು, ದಾಟಿಸಿದರೆ ರಸ್ತೆ ಕಾಯುತ್ತಿರುತ್ತದೆ. ಇಲ್ಲಿ ಚುಕ್ಕಿಗಿಂತ ಬಾಣವನ್ನು ನೋಡಿ: ಬಂಕರ್‌ನಿಂದ ದೂರ ಬಿದ್ದ ಚೆಂಡೂ ನಿಧಾನವಾಗಿ ತಿರುಗಿ, ಅಂಚಿನಲ್ಲಿ ಕ್ಷಣ ತಡೆದು, ಒಳಗೆ ಜಾರುತ್ತದೆ. ಗುಂಡಿ ಚಿಕ್ಕದು, ಚೆಂಡನ್ನು ಅದಕ್ಕೆ ಕೂಡಿಹಾಕುವ ಇಳಿಜಾರು ದೊಡ್ಡದು. ನಕ್ಷೆಯಲ್ಲಿ ಬರುವುದು ಗುಂಡಿ ಮಾತ್ರ, ಟಿವಿಯಲ್ಲಂತೂ ಇಳಿಜಾರೆಲ್ಲ ಚಪ್ಪಟೆ.

11ನೇ ಹೋಲ್ ಚಿಕ್ಕ ಪಾರ್ 3. ಎಡಕ್ಕೆ ಹಿಲ್ ಬಂಕರ್, ಬಲಮುಂದೆ ಸ್ಟ್ರಾತ್ ಬಂಕರ್, ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಇಲ್ಲಿ ಟೀ ಶಾಟಿಗಿಂತ ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ನೋಡಬೇಕು: ಧ್ವಜದ ಮೇಲ್ಭಾಗದಲ್ಲಿ ನಿಂತ ಚೆಂಡು, ಕೆಳಭಾಗದಲ್ಲಿ ನಿಂತ ಚೆಂಡು, ಎರಡಕ್ಕೂ ಎಷ್ಟೆಷ್ಟು ಪಟ್ ಬಿದ್ದವು ಎಂದು ಬೇರೆ ಬೇರೆ ಬರೆಯಿರಿ.

ಲೆಕ್ಕ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಒಬ್ಬನೇ ಆಟಗಾರನ ಬೆನ್ನು ಹತ್ತುವುದು ಒಂದು. ಮ್ಯಾಚ್ ಪ್ಲೇಯ (ಹೋಲ್‌ಗಳ ಗೆಲುವು ಎಣಿಸುವ ಆಟ) ಚುಕ್ಕಿಗಳನ್ನು ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ ಆಟ) ಜೊತೆ ಬೆರೆಸುವುದು ಇನ್ನೊಂದು. ಮ್ಯಾಚ್‌ನಲ್ಲಿ ಹಿಂದೆ ಬಿದ್ದವನು ಕಳೆದುಕೊಳ್ಳುವುದೇನಿಲ್ಲವೆಂದು ಧ್ವಜಕ್ಕೇ ಗುರಿ ಇಡುತ್ತಾನೆ. ಮೂರನೆಯದು ಮಳೆ. ಒದ್ದೆ ನೆಲದಲ್ಲಿ ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಬಾಣಗಳೇ ಇರುವುದಿಲ್ಲ. ಆ ಪುಟವನ್ನು ಬದಿಗಿಟ್ಟು, ನೆಲ ಒಣಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತೇನೆ.